ಮಾಳಿಗೆ ಇಳಿಸುವ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತದೆ ಗಾದೆ. ಹಳೆಯ ಮನೆಯನ್ನು ರಿಪೇರಿ ಮಾಡಿ ನೋಡು ಎಂದು ಅದು ಹೇಳಿಲ್ಲ. ಆದರೆ ಕಲಬುರಗಿಯ ಶಹಾಬಜಾರದಂಥ ಹಳೆಯ ಬಡಾವಣೆಗಳಲ್ಲಿ ಕುಟುಂಬದ ಲೆಕ್ಕ ಹೆಚ್ಚು ತಪ್ಪುವುದು ಅಲ್ಲಿಯೇ.

1347ರಲ್ಲಿ ಬಹಮನಿಗಳ ರಾಜಧಾನಿಯಾದ ಊರು ಇದು. ಶಹಾಬಜಾರದ ಮಸೀದಿಯೂ ಆ ಕಾಲದ್ದೇ. ಕೋಟೆಯೊಳಗೆ 1367ರಲ್ಲಿ ಮುಗಿದ ಜಾಮಿ ಮಸೀದಿಯ ಕಲ್ಲು-ಗಚ್ಚಿನ ಗುಮ್ಮಟಗಳು ಇಂದಿಗೂ ನಿಂತಿವೆ. ಅದು ಅರಸರ ಬೊಕ್ಕಸದ ಕೆಲಸ. ಸಾಮಾನ್ಯ ಗೃಹಸ್ಥನ ಮನೆಗೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದ ಫರಸಿ.

ಈ ಮನೆಗೂ ಖರ್ಚಿತ್ತು. ಆದರೆ ಅದು ವರ್ಷಕ್ಕಿಷ್ಟು ಎಂದು ಹಂಚಿಹೋಗಿತ್ತು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಿ ಬಡಿಯಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ಹುಳು ಹಿಡಿದ ಜಂತಿ ಬದಲಿಸಬೇಕು. ಮನೆಯವರ ಮೈದುಡಿಮೆಯೇ ಅರ್ಧ ಬಂಡವಾಳ. ನಿಜಾಮರ ಹಾಲಿ ಸಿಕ್ಕಾ ರೂಪಾಯಿ ನಡೆಯುತ್ತಿದ್ದ ದಿನಗಳಲ್ಲಿ ಇದಕ್ಕಾಗಿ ಯಾರೂ ದೊಡ್ಡ ಅಂದಾಜುಪಟ್ಟಿ ಬರೆಸಬೇಕಾಗಿರಲಿಲ್ಲ.

ಸಿಮೆಂಟು ಈ ಲೆಕ್ಕವನ್ನು ಬದಲಿಸಿತು. ಹಂಚಿಹೋಗಿದ್ದ ಖರ್ಚು ಈಗ ಒಂದೇ ಗಂಟಾಗಿ ಎದುರು ಬಂತು. ಜಿಲ್ಲೆಯ ವಾಡಿಯಲ್ಲಿಯೇ ಸಿಮೆಂಟು ಕಾರ್ಖಾನೆ ಇದ್ದರೂ ಅದರ ಲಾಭ ಜಿಲ್ಲೆಯವರಿಗೆ ಬೆಲೆಯಲ್ಲಿ ಸಿಗಲಿಲ್ಲ. ಸರಕಾರಿ ನಿಯಂತ್ರಣದಲ್ಲಿ ಸಾಗಾಣಿಕೆ ವೆಚ್ಚವನ್ನು ದೇಶದ ತುಂಬ ಸಮನಾಗಿ ಹಂಚಲಾಗುತ್ತಿತ್ತು. ಪರ್ಮಿಟ್ ಇಲ್ಲದವನು ಕಾಳಸಂತೆಗೆ ಹೋಗಬೇಕಿತ್ತು. ನಿಯಂತ್ರಣ 1982ರಲ್ಲಿ ಸಡಿಲಗೊಂಡು, 1989ರಲ್ಲಿ ಪೂರ್ತಿ ಹೋಯಿತು. ಆಮೇಲೆ ಹಣವಿದ್ದರೆ ಚೀಲ ಸಿಗತೊಡಗಿತು. ಹಣ ಎಷ್ಟು ಬೇಕು ಎಂಬ ಪ್ರಶ್ನೆ ಮಾತ್ರ ಉಳಿಯಿತು.

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪ ಈ ಪ್ರಶ್ನೆಗೆ ಬೇರೆಯೇ ತೂಕ ತಂದಿತು. ಬೀದರ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಸಾವಿರಾರು ಜನ ಮಲಗಿದ್ದಲ್ಲಿಯೇ ಸತ್ತರು. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ, ಅದರ ಮೇಲಿನ ಭಾರದ ಮಾಳಿಗೆ ಇವೇ ಹೆಚ್ಚಿನವರ ಜೀವ ತೆಗೆದವು. ಮಾಳಿಗೆ ಇಳಿಸುವುದು ಅಂದಿನಿಂದ ಅಂದಚೆಂದದ ಮಾತಾಗಿ ಉಳಿಯಲಿಲ್ಲ.

ಹಾಗಾದರೆ ಲೆಕ್ಕ ತಪ್ಪುವುದೆಲ್ಲಿ? ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯನ್ನು ತೆಗೆದುಕೊಳ್ಳಬಹುದು. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಲು 1:1.5:3ರ ಮಿಶ್ರಣದಲ್ಲಿ ಸುಮಾರು 9ರಿಂದ 10 ಚೀಲ ಸಿಮೆಂಟು, 18 ಘನ ಅಡಿ ಉಸುಕು, 35 ಘನ ಅಡಿ ಜಲ್ಲಿ, 80ರಿಂದ 100 ಕಿಲೋ ಕಬ್ಬಿಣ ಬೇಕು. ಇದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಬರೆಯದೆ ಬಿಡುವುದು ಮೇಲಿಂದ ಇಳಿಯುವ ಮಣ್ಣನ್ನು. ಅದೇ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಅದು 100 ಘನ ಅಡಿ, ಅಂದರೆ ಸರಿಯಾಗಿ ಒಂದು ಬ್ರಾಸ್. ತೂಕ ನಾಲ್ಕೂವರೆ ಟನ್ನಿನ ಆಸುಪಾಸು. ಹೊಸ ಸ್ಲ್ಯಾಬಿನ ತೂಕ ಮೂರು ಟನ್ ಅಷ್ಟೇ. ಅಗೆದ ಮೇಲೆ ಮಣ್ಣು ಉಬ್ಬುವುದರಿಂದ ಸಾಗಿಸುವಾಗ ಇನ್ನೂ ಹೆಚ್ಚಾಗುತ್ತದೆ. ಓಣಿ ಇಕ್ಕಟ್ಟಾಗಿದ್ದರೆ ಬುಟ್ಟಿಯಲ್ಲಿ ಹೊತ್ತು ಹೊರಗೆ ತರಬೇಕು. ಆ ಕೂಲಿ ಪಟ್ಟಿಯಲ್ಲಿ ಇರುವುದಿಲ್ಲ.

ಎರಡನೆಯದು ಗೋಡೆ. ಸ್ಲ್ಯಾಬು ಹಗುರವಾಯಿತೆಂದು ಹಳೆಯ ಗೋಡೆಯ ಮೇಲೆಯೇ ಅದನ್ನು ಕೂರಿಸುವಂತಿಲ್ಲ. ಹಿಂದೆ ಭಾರವನ್ನು ಬಹುಪಾಲು ಹೊರುತ್ತಿದ್ದುದು ಕಟ್ಟಿಗೆಯ ಕಂಬಗಳು. ಅವನ್ನು ತೆಗೆದರೆ ಕಾಂಕ್ರೀಟಿನ ಕಂಬ ಬೇಕು, ಕಂಬಕ್ಕೆ ಬುನಾದಿ ಬೇಕು. ಕರಿ ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಗಟ್ಟಿ ಮೊರಂ ಸಿಗುವವರೆಗೆ ಅಗೆಯಬೇಕು. ಎಷ್ಟು ಆಳವೆಂಬುದು ಅಗೆದ ಮೇಲೆಯೇ ತಿಳಿಯುವ ಸಂಗತಿ.

ಮೂರನೆಯದು ಕಾನೂನು. ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿಯ ಪ್ರಕಾರ ಅಲ್ಲಿ ರಿಪೇರಿಗೂ ಅನುಮತಿ ಬೇಕು. ಕಲಬುರಗಿಯಂಥ ಊರಿನಲ್ಲಿ ಇದನ್ನು ಗುತ್ತಿಗೆ ಮಾತಾಡುವ ಮೊದಲೇ ವಿಚಾರಿಸುವುದು ಒಳ್ಳೆಯದು.

ಹಾಗೆಂದು ಹಳೆಯ ಮನೆ ಬರೀ ಖರ್ಚಲ್ಲ. ಹುಳು ಹಿಡಿಯದ ಸಾಗವಾನಿ ತೊಲೆ ಬಾಗಿಲು-ಚೌಕಟ್ಟಾಗಬಹುದು. ಒಡೆಯದಂತೆ ಎಬ್ಬಿಸಿದ ಫರಸಿಯನ್ನು ಮತ್ತೆ ಹಾಸಬಹುದು. ಹಳೆಯ ಸಾಮಾನು ಯಾರಿಗೆ ಸೇರಬೇಕೆಂದು ಗುತ್ತಿಗೆಯಲ್ಲೇ ಬರೆಸದಿದ್ದರೆ ಅದು ಗುತ್ತೇದಾರನ ಪಾಲಾಗುವುದುಂಟು.

ಅನುಭವಿ ಗೌಂಡಿಗಳು ಮೊದಲು ಒಂದು ಮೂಲೆ ಬಿಚ್ಚಿ ನೋಡಿ ಆಮೇಲೆ ಅಂದಾಜು ಹೇಳುತ್ತಾರೆ. ಹಣ ಸಾಲದಿದ್ದರೆ ಬುನಾದಿ, ಕಂಬ, ಸ್ಲ್ಯಾಬ್ ಮೊದಲು. ಟೈಲ್ಸ್, ಬಣ್ಣ ಮುಂದಿನ ವರ್ಷಕ್ಕೆ ಕಾಯಬಲ್ಲವು. ವರ್ಷಕ್ಕಿಷ್ಟು ಎಂದು ಮನೆಯನ್ನು ಕಾಪಾಡಿಕೊಂಡ ಹಿರಿಯರ ಲೆಕ್ಕ ಈ ಮಟ್ಟಿಗೆ ಇಂದಿಗೂ ಸುಳ್ಳಾಗಿಲ್ಲ.