ದನ, ಎಮ್ಮೆಗಳ ಹುಚ್ಚುರೋಗ

ಎಮ್ಮೆ ಮೇವು ಬಿಟ್ಟಿದೆ. ಬಾಯಿಂದ ಜೊಲ್ಲು ಇಳಿಯುತ್ತಿದೆ. ಒಡೆದ ದನಿಯಲ್ಲಿ ಮೇಲಿಂದ ಮೇಲೆ ಒದರುತ್ತಿದೆ. ಅಥಣಿ ತಾಲೂಕಿನ, ಕೃಷ್ಣಾ ತೀರದ ಸತ್ತಿಯಂಥ ಕಬ್ಬಿನ ಸೀಮೆಯಲ್ಲಿ ಗಂಟಲಿಗೆ ಗಣಿಕೆ ಸಿಕ್ಕಿರಬೇಕೆಂದು ಬಾಯೊಳಗೆ ಕೈ ಹಾಕಿ ತಡಕುವುದು ಸಹಜ. ರೇಬೀಸ್ ಇದ್ದರೆ ಅದಕ್ಕಿಂತ ಅಪಾಯದ ಕೆಲಸ ಬೇರೊಂದಿಲ್ಲ: ಗಂಟಲಲ್ಲಿ ಏನೂ ಸಿಕ್ಕಿರುವುದಿಲ್ಲ, ನುಂಗುವ ಸ್ನಾಯುಗಳೇ ಸೋತಿರುತ್ತವೆ, ಜೊಲ್ಲಿನಲ್ಲಿ ವೈರಸ್ ಇರುತ್ತದೆ.

ಹುಚ್ಚುನಾಯಿ ಕಚ್ಚಿದ ಗಾಯದಿಂದ ಹೊಕ್ಕ ವೈರಸ್ ರಕ್ತದ ದಾರಿ ಹಿಡಿಯದೆ ನರದ ಗುಂಟ ಮಿದುಳಿಗೆ ಏರುತ್ತದೆ. ಈ ಪಯಣಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ನಾಯಿ ಕಚ್ಚಿದ್ದು ಮನೆಯವರಿಗೆ ಮರೆತೇ ಹೋಗಿರುತ್ತದೆ. ಕೆಲವು ದನಗಳು ಬೆದೆಗೆ ಬಂದಂತೆ ವರ್ತಿಸಿ ದಾರಿ ತಪ್ಪಿಸುವುದೂ ಉಂಟು.

ತಲೆ ಕೆಟ್ಟ ಜಾನುವಾರುಗಳೆಲ್ಲ ಹುಚ್ಚುರೋಗದವಲ್ಲ. ಕಾಕಂಬಿಯನ್ನು ಅತಿಯಾಗಿ ತಿನ್ನಿಸಿದ ದನಗಳು ಕಣ್ಣು ಕಾಣದೆ ತೂರಾಡುವುದನ್ನು ಇನ್ನೊಂದು ಕಬ್ಬಿನ ನಾಡಾದ ಕ್ಯೂಬಾದಲ್ಲಿ ಪಶುವೈದ್ಯರು ಗುರುತಿಸಿದರು. ಇಂಥ ಮಿದುಳಿನ ಬೇನೆಗಳಲ್ಲಿ ಥಯಾಮಿನ್ ಎಂಬ ಜೀವಸತ್ವದ ಕೊರತೆಯಿಂದ ಬಂದದ್ದಾದರೆ, ಬೇಗ ಅದರ ಸೂಜಿ ಬಿದ್ದಲ್ಲಿ ದನ ಚೇತರಿಸಿಕೊಳ್ಳಬಹುದು. ಕುರಿ ಒಂದೇ ಕಡೆಗೆ ಗಿರಗಿರನೆ ಸುತ್ತತೊಡಗಿದರೆ ಮಿದುಳಲ್ಲಿ ಲಾಡಿಹುಳುವಿನ ನೀರುಗುಳ್ಳೆ ಬೆಳೆದಿರಬಹುದು. ಆ ಹುಳುವೂ ನಾಯಿಯ ಹೊಟ್ಟೆಯದೇ!

ಹೀಗಾಗಿ ಕಡೆಯ ತೀರ್ಪು ಕೊಡುವುದು ಸತ್ತ ಪ್ರಾಣಿಯ ಮಿದುಳು. 1903ರಲ್ಲಿ ಇಟಲಿಯ ಅಡೆಲ್ಕಿ ನೆಗ್ರಿ ರೋಗಿಷ್ಟ ಪ್ರಾಣಿಗಳ ನರಕೋಶಗಳಲ್ಲಿ ಸಣ್ಣ ಕಣಗಳನ್ನು ಕಂಡ. 'ನೆಗ್ರಿ ಕಣ' ಎಂಬ ಹೆಸರು ಅವಕ್ಕೆ ನಿಂತಿತು. ಆದರೆ ಅವು ಎಲ್ಲ ಪ್ರಕರಣಗಳಲ್ಲೂ ಕಾಣುವುದಿಲ್ಲ. 1958ರ ಹೊತ್ತಿಗೆ ಬಂದ ಪ್ರತಿದೀಪ್ತಿ ಪರೀಕ್ಷೆಯಲ್ಲಿ ಬಣ್ಣ ಕಟ್ಟಿದ ಪ್ರತಿಕಾಯಗಳು ವೈರಸ್‌ಗೆ ಅಂಟಿ ಸೂಕ್ಷ್ಮದರ್ಶಕದಡಿ ಹಸಿರಾಗಿ ಹೊಳೆಯುತ್ತವೆ. ಜಗತ್ತು ಇಂದಿಗೂ ನಂಬುವ ಪರೀಕ್ಷೆಗಳಲ್ಲಿ ಇದೊಂದು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪತ್ತೆ ಪ್ರಯೋಗಾಲಯ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಪ್ರಯೋಗಾಲಯವನ್ನು ಡಾ. ಶ್ರೀಕೃಷ್ಣ ಇಸಳೂರು ಕಟ್ಟಿ ಬೆಳೆಸಿದರು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆಯೂ ಅದಕ್ಕೆ ದೊರೆತಿದೆ. ಆದರೆ ಅಥಣಿ ಸೀಮೆಯಿಂದ ಹೆಬ್ಬಾಳ ಐನೂರು ಕಿಲೋಮೀಟರ್ ಮೀರಿದ ದಾರಿ. ನಮ್ಮ ಬಿಸಿಲಲ್ಲಿ ಮಿದುಳು ಬೇಗ ಕರಗಿ ಕೊಳೆಯುತ್ತದೆ. ಐಸ್‌ನಲ್ಲಿ ಇಲ್ಲವೇ ಗ್ಲಿಸರಿನ್ ದ್ರಾವಣದಲ್ಲಿ ಇಟ್ಟು ಕಳಿಸಬೇಕು. ತಲೆಬುರುಡೆ ಒಡೆಯುವ ತಾಪತ್ರಯ ತಪ್ಪಿಸಲು ಕತ್ತಿನ ಹಿಂಬದಿಯ ರಂಧ್ರದಿಂದ ಕೊಳವೆ ತೂರಿಸಿ ಮಾದರಿ ತೆಗೆಯುವ ಉಪಾಯವಿದೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಓದಬಹುದಾದ ಇನ್ನೊಂದು ಪರೀಕ್ಷೆಯೂ ಬಂದಿದೆ. ಸಂಶೋಧನೆಯ ಜಾಣ್ಮೆ ಈಗ ಹೆಚ್ಚು ಖರ್ಚಾಗಬೇಕಿರುವುದು ಹಳ್ಳಿಯ ದವಾಖಾನೆಗೆ ಒಗ್ಗುವ ಇಂಥ ಸರಳ ವಿಧಾನಗಳಲ್ಲೇ.

ಬಾಯೊಳಗೆ ಕೈ ಹಾಕಿದವರು ಪ್ರಯೋಗಾಲಯದ ವರದಿಗಾಗಿ ಕಾಯುವಂತಿಲ್ಲ. ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ಕೈ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯ ಮೊದಲ ಸೂಜಿ ಹಾಕಿಸಿಕೊಳ್ಳಬೇಕು.