ಆಪರೇಷನ್ ಕಥೆಗಳು, ಭಾಗ 5: ಮುಂದೊಗಲಿನಿಂದ ಒಂದು ಮೂತ್ರನಾಳ

ನಗಬೇಡಿ, ಸ್ಕ್ರಾಲ್ ಮಾಡ್ಕೊಂಡು ಹೋಗಲೂಬೇಡಿ. ಹುಟ್ಟೋ ಗಂಡುಮಕ್ಕಳಲ್ಲಿ ಸುಮಾರು 200ರಿಂದ 300ಕ್ಕೆ ಒಬ್ಬನಿಗೆ ಮೂತ್ರದ ರಂಧ್ರ ಶಿಶ್ನದ ತುದಿಯಲ್ಲಿರಲ್ಲ, ಕೆಳಭಾಗದಲ್ಲಿರುತ್ತೆ. ಕೆಲವರಿಗೆ ತುದಿಗೆ ಹತ್ತಿರ, ಕೆಲವರಿಗೆ ಬುಡದಲ್ಲೇ. ಇದರ ಹೆಸರು ಹೈಪೋಸ್ಪೇಡಿಯಾಸ್. ಲೆಕ್ಕ ಹಾಕಿದ್ರೆ ಸಾವಿರ ಹುಡುಗರಿರೋ ಕಾಲೇಜಲ್ಲಿ ಮೂರ್ನಾಲ್ಕು ಜನ. ಎಲ್ಲರ ಜೊತೆ ನಿಂತು ಮೂತ್ರ ಮಾಡೋಕೆ ಹಿಂಜರಿದು, ಬಾಗಿಲಿರೋ ಟಾಯ್ಲೆಟ್ ಖಾಲಿ ಆಗ್ಲಿ ಅಂತ ಕಾಯೋ ಹುಡುಗನನ್ನ ನಾವೆಲ್ಲ ಒಮ್ಮೆಯಾದ್ರೂ ರೇಗಿಸಿದ್ದೀವಿ. ನಾನೂ ರೇಗಿಸಿದ್ದೀನಿ.

ಪ್ರಾಚೀನ ಗ್ರೀಕ್ ವೈದ್ಯರು ಇದಕ್ಕೆ ಬರೆದಿಟ್ಟ ಪರಿಹಾರ ಕೇಳಿದ್ರೆ ಮೈ ಜುಂ ಅನ್ನುತ್ತೆ: ರಂಧ್ರದಿಂದ ಮುಂದಿರೋ ತುದಿಯನ್ನೇ ಕತ್ತರಿಸಿಬಿಡೋದು!

ಇಲ್ಲದ ನಾಳವನ್ನ ಕಟ್ಟಬೇಕು ಅನ್ನೋ ಯೋಚನೆ ಗಟ್ಟಿಯಾದದ್ದು 19ನೇ ಶತಮಾನದಲ್ಲಿ. 1874ರಲ್ಲಿ ಫ್ರಾನ್ಸಿನ ಡುಪ್ಲೇ, ಮೊದಲು ಬಾಗನ್ನ ನೇರ ಮಾಡಿ, ಆಮೇಲೆ ಅಲ್ಲೇ ಇರೋ ಚರ್ಮವನ್ನ ಸುತ್ತಿ ಕೊಳವೆ ಮಾಡೋ ವಿಧಾನ ಬರೆದರು. ಅಲ್ಲಿ ಚರ್ಮ ಸಾಲದಿದ್ರೆ? 1897ರಲ್ಲಿ ಲಿಯೋನ್ ನಗರದ ನೋವೆ-ಜೋಸೆರಾಂ ಬೇರೆ ಕಡೆಯಿಂದ ತೆಳುವಾದ ಚರ್ಮ ತೆಗೆದು ಕೊಳವೆ ಮಾಡಿ ಕೂರಿಸಿದರು. ಇದೇ ಗ್ರಾಫ್ಟ್.

ಇಲ್ಲಿ ಒಂದು ನಿಮಿಷ ನಿಲ್ಲಿ. ಗ್ರಾಫ್ಟ್ ಅಂದ್ರೆ ಸಸಿಯನ್ನ ಕಿತ್ತು ಬೇರೆ ಮಡಿಯಲ್ಲಿ ನೆಟ್ಟ ಹಾಗೆ. ಹೊಸ ಜಾಗದ ರಕ್ತನಾಳ ಬಂದು ಸೇರೋವರೆಗೆ ಅದಕ್ಕೆ ಸ್ವಂತ ಆಸರೆ ಇಲ್ಲ, ಸೊರಗಬಹುದು, ಕುಗ್ಗಬಹುದು. ಕುಗ್ಗಿದ ಕೊಳವೆಯಲ್ಲಿ ಮೂತ್ರ ಕಟ್ಟಿಕೊಳ್ಳುತ್ತೆ. ಫ್ಲ್ಯಾಪ್ ಹಾಗಲ್ಲ. ಅಜ್ಜಿ ಮಲ್ಲಿಗೆ ಬಳ್ಳಿಯ ಟೊಂಗೆಯನ್ನ ಕತ್ತರಿಸದೇ ಬಗ್ಗಿಸಿ ಮಣ್ಣಲ್ಲಿ ಹೂಳ್ತಾರಲ್ಲ, ಆ ಥರ. ತಾಯಿ ಬಳ್ಳಿಯ ರಸ ಹರೀತಾನೇ ಇರುತ್ತೆ. ಇನ್ನೊಂದು ತಲೆನೋವು ಕೂದಲು: ಕೂದಲಿರೋ ಚರ್ಮದಿಂದ ನಾಳ ಮಾಡಿದ್ರೆ ಮುಂದೆ ಒಳಗೇ ಕೂದಲು ಬೆಳೆದು ಕಲ್ಲು ಕಟ್ಟುತ್ತೆ.

ಕೂದಲಿಲ್ಲದ, ಮೆತ್ತನೆಯ, ಹತ್ತಿರದಲ್ಲೇ ಇರೋ ಚರ್ಮ ಯಾವುದು? ಮುಂದೊಗಲಿನ ಒಳಮೈ! 1971ರಲ್ಲಿ ನಮ್ಮ ಆಗ್ರಾದ ಸರ್ಜನ್ ಅಸೋಪಾ ಮತ್ತು ಜೊತೆಗಾರರು ಅದನ್ನ ಕೊಳವೆಯಾಗಿ ಸುತ್ತಿ, ಹೊರಚರ್ಮದ ಜೊತೆ ಅಂಟಿಕೊಂಡಿರೋ ಹಾಗೇ ಕೆಳಗೆ ತಂದು, ಒಂದೇ ಆಪರೇಷನ್ನಿನಲ್ಲಿ ಮುಗಿಸೋ ವಿಧಾನ ಪ್ರಕಟಿಸಿದರು. 1980ರಲ್ಲಿ ಅಮೆರಿಕದ ಡಕೆಟ್ ಆ ಒಳಪದರವನ್ನ ಹೊರಚರ್ಮದಿಂದ ಬಿಡಿಸಿ, ರಕ್ತನಾಳದ ತೊಟ್ಟಿನ ಮೇಲೆ ಮಾತ್ರ ಉಳಿಸಿಕೊಂಡು ತಿರುಗಿಸಿದರು. ಡಕೆಟ್ ಹೆಸರು ಜಗತ್ತೆಲ್ಲ ಓಡಾಡ್ತು. ಆಗ್ರಾದ ಹೆಸರನ್ನ ನಮ್ಮಲ್ಲೇ ಎಷ್ಟು ಜನ ಕೇಳಿದ್ದೀವಿ ಹೇಳಿ?

1994ರಲ್ಲಿ ಸ್ನಾಡ್‌ಗ್ರಾಸ್, ಇರೋ ಪಟ್ಟಿಗೇ ನಡುವೆ ಗೀರು ಹಾಕಿ ಅಗಲಿಸಿ ಸುತ್ತೋ ದಾರಿ ತೋರಿಸಿದರು. ತುದಿಗೆ ಹತ್ತಿರದ ಕೇಸುಗಳಿಗೆ ಈಗ ಇದೇ ತುಂಬಾ ಬಳಕೆ.

ಆದ್ರೆ ಗ್ರಾಫ್ಟ್ ಸೋಲಲಿಲ್ಲ. ಇಂಗ್ಲೆಂಡಿನ ಬ್ರಾಕಾ 1995ರಲ್ಲಿ ಎರಡು ಹಂತದ ವಿಧಾನ ಪ್ರಕಟಿಸಿದರು. ಮೊದಲು ಗ್ರಾಫ್ಟನ್ನ ಚಪ್ಪಟೆಯಾಗಿ ಹಾಸಿ ಬೇರು ಹಿಡಿಯೋಕೆ ತಿಂಗಳುಗಟ್ಟಲೆ ಬಿಡೋದು, ಆಮೇಲೆ ಸುತ್ತೋದು. ಮುಂದೊಗಲು ಉಳಿದಿಲ್ಲದವರಿಗೆ ಕೆನ್ನೆಯ ಅಥವಾ ತುಟಿಯ ಒಳಪದರ! ಬಾಯಿಯ ಚರ್ಮವನ್ನ ಹಂಬಿ 1941ರಲ್ಲೇ ಬಳಸಿದ್ದರು, ಅದು ದಶಕಗಟ್ಟಲೆ ಮೂಲೆ ಸೇರಿತ್ತು.

ಅದಕ್ಕೇ ಇಂಥ ಮಗುವಿಗೆ ಸುನ್ನತಿ ಮಾಡಿಸಬೇಡಿ, ಮೊದಲು ಸರ್ಜನ್ನಿಗೆ ತೋರಿಸಿ ಅಂತ ಡಾಕ್ಟರ್ ಹೇಳೋದು. ಆ ಚೂರು ಚರ್ಮವೇ ನಾಳೆ ನಾಳ ಆಗಬೇಕಿರುತ್ತೆ. ಆಪರೇಷನ್ ಸಾಮಾನ್ಯವಾಗಿ 6ರಿಂದ 18 ತಿಂಗಳ ಒಳಗೆ. ದೊಡ್ಡವನಾದ ಮೇಲೂ ಆಗುತ್ತೆ. ಇದನ್ನ ಓದ್ತಿರೋದು ನೀವೇ ಆ ಹುಡುಗ ಆಗಿದ್ರೆ, ಕೇಳಬೇಕಾದ್ದು ಯೂರಾಲಜಿ ಓಪಿಡಿ ಎಲ್ಲಿದೆ ಅಂತ, ಅಷ್ಟೇ.