ಕುಂಚಿಗೆಯಿಂದ ಸತುವಿನ ಮುಲಾಮಿನವರೆಗೆ

ಪುಣೆಯಲ್ಲಿ ಚೈತ್ರ ಕಾಲಿಟ್ಟಿತೆಂದರೆ ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಗುವಿಗೆ ಬಿಸಿಲು ತಾಗದಂತೆ ಏನು ಹಚ್ಚಬೇಕು? ಔಷಧದಂಗಡಿಯಲ್ಲಿ 'ನೈಸರ್ಗಿಕ' ಎಂಬ ಹಣೆಪಟ್ಟಿ ಹೊತ್ತ ಸನ್‌ಸ್ಕ್ರೀನ್ ಟ್ಯೂಬುಗಳು ಸಾಲಾಗಿ ನಿಂತಿವೆ. ಊರಿನಿಂದ ಬಂದ ಅಜ್ಜಿ ಕೊಬ್ಬರಿ ಎಣ್ಣೆ ಸಾಕೆನ್ನುತ್ತಾರೆ. ಪಕ್ಕದ ಮನೆಯವರು ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಹಚ್ಚಿ ಎನ್ನುತ್ತಾರೆ. ಯಾರ ಮಾತು ಕೇಳಬೇಕು? ಉತ್ತರ ಇತಿಹಾಸದಲ್ಲಿದೆ ಎಂದರೆ ವಾಚಕರು ನಕ್ಕಾರು. ಆದರೂ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಮೊದಲು ನಮ್ಮ ಮನೆಯ ಟ್ರಂಕನ್ನೇ ತೆರೆಯೋಣ. ಧಾರವಾಡ, ವಿಜಾಪುರ, ಬೆಳಗಾವಿ ಕಡೆಯಿಂದ ಬಂದವರಲ್ಲಿ ಹಳೆಯ ಕುಂಚಿಗೆ ಒಂದಾದರೂ ಇದ್ದೀತು. ತಲೆಗೆ ಟೊಪ್ಪಿಗೆಯಾಗಿ, ಅಲ್ಲಿಂದ ಕೊರಳು, ಹೆಗಲು, ಬೆನ್ನಿನ ಮೇಲೆ ಇಳಿಬೀಳುವ ಕೂಸಿನ ಉಡುಪು ಅದು. ಹಬ್ಬಹುಣ್ಣಿಮೆಗೆ ಗುಳೇದಗುಡ್ಡದ ಖಣದ್ದು, ದಿನಬಳಕೆಗೆ ಹಳೆಯ ಮೆತ್ತನೆ ಬಟ್ಟೆಯದು. ನಮ್ಮ ಮರಾಠಿ ನೆರೆಯವರು ಇದನ್ನೇ 'ಕುಂಚಿ' ಎನ್ನುತ್ತಾರೆ. ಗಾಳಿ, ಚಳಿ, ಬಿಸಿಲು ಮೂರಕ್ಕೂ ಒಂದೇ ಮದ್ದು.

ಬಟ್ಟೆಯ ಈ ಗುಣವನ್ನು ವಿಜ್ಞಾನ ಅರಿತದ್ದು ನಿಧಾನವಾಗಿ. 1801ರಲ್ಲಿ ಜರ್ಮನಿಯ ರಿಟ್ಟರ್, ಕಣ್ಣಿಗೆ ಕಾಣುವ ನೇರಳೆ ಬಣ್ಣದಾಚೆಗೂ ಸೂರ್ಯನ ಕಿರಣಗಳಿವೆ ಎಂದು ಕಂಡುಹಿಡಿದರು. ಅವೇ ಅತಿನೇರಳೆ ಕಿರಣಗಳು. 1820ರ ಸುಮಾರಿಗೆ ಇಂಗ್ಲೆಂಡಿನ ವೈದ್ಯ ಎವರಾರ್ಡ್ ಹೋಮ್ ಒಂದು ಕೈಯನ್ನು ಬರಿದಾಗಿ, ಇನ್ನೊಂದನ್ನು ಕಪ್ಪು ಬಟ್ಟೆ ಹೊದಿಸಿ ಬಿಸಿಲಿಗೊಡ್ಡಿದರು. ಬಟ್ಟೆಯೊಳಗಿನ ಕೈ ಹೆಚ್ಚು ಬಿಸಿಯಾಯಿತು, ಆದರೆ ಸುಡಲಿಲ್ಲ, ಬರಿಗೈ ಸುಟ್ಟಿತು. ಚರ್ಮ ಸುಡುವುದು ಬರಿಯ ಶಾಖದಿಂದಲ್ಲ ಎಂಬುದು ಇದರಿಂದ ತಿಳಿಯಿತು. ಅದು ಅತಿನೇರಳೆ ಕಿರಣಗಳ ಕೆಲಸವೆಂದು 1889ರಲ್ಲಿ ಸ್ವೀಡನ್ನಿನ ವಿಡ್‌ಮಾರ್ಕ್ ತೋರಿಸಿಕೊಟ್ಟರು.

ಬಿಸಿಲಿನ ಭಯ ಅತಿಯಾದದ್ದೂ ಉಂಟು. ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದ ಬಿಳಿಯ ಸೈನಿಕರು ಬೆಂಡಿನ ಟೋಪಿ ಸಾಲದೆಂದು ಬೆನ್ನುಹುರಿಯ ಮೇಲೆ ದಪ್ಪ ಬಟ್ಟೆಯ ಪಟ್ಟಿಯನ್ನೂ ಕಟ್ಟಿಕೊಳ್ಳುತ್ತಿದ್ದರು! ಅತ್ತ, ಬಿಸಿಲನ್ನೇ ಕಾಣದ ಮಕ್ಕಳ ಕಥೆ ಬೇರೆ. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿ ರಿಕೆಟ್ಸ್ ಎಂಬ ಮೂಳೆರೋಗದ ಮಕ್ಕಳನ್ನು ಅತಿನೇರಳೆ ದೀಪದಿಂದ ಗುಣಪಡಿಸಿದರು. ನಮ್ಮ ನೆರೆಯ ನಾಸಿಕದಲ್ಲಿ ಹಚಿಸನ್ ಮತ್ತು ಶಾ ನಡೆಸಿದ ಪರಿಶೀಲನೆ 1922ರಲ್ಲಿ ಪ್ರಕಟವಾಯಿತು. ಹೊಟ್ಟೆಗೆ ಕೊರತೆಯಿಲ್ಲದ, ಆದರೆ ಪರದೆಯ ಪದ್ಧತಿಯಿಂದ ಒಳಗೇ ಬೆಳೆಯುತ್ತಿದ್ದ ಮಕ್ಕಳಲ್ಲಿ ಈ ರೋಗ ಕಂಡಿತು. ಬಯಲಲ್ಲಿ ಆಡುತ್ತಿದ್ದ ಬಡವರ ಮಕ್ಕಳಲ್ಲಿ ಕಾಣಲಿಲ್ಲ. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಮಗುವನ್ನು ಕೂಡಿಹಾಕುವ ನಮಗೂ ಇದರಲ್ಲಿ ಪಾಠವಿದೆ.

ಇನ್ನು 'ನೈಸರ್ಗಿಕ' ಎಂಬ ಮಾತು. ನಮ್ಮ ವೈದ್ಯರು ತೊನ್ನಿಗೆ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿನಲ್ಲಿ ಕೂರಿಸುತ್ತಿದ್ದರು. ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ಮೂವರು ರಸಾಯನಶಾಸ್ತ್ರಜ್ಞರು 1933ರಲ್ಲಿ ಆ ಬೀಜದಿಂದ ಸೊರಾಲೆನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಇದು ಚರ್ಮದ ಮೇಲೆ ಬಿಸಿಲಿನ ಪ್ರಭಾವವನ್ನು ತಡೆಯುವುದಿಲ್ಲ, ಹೆಚ್ಚಿಸುತ್ತದೆ. ಇದೇ ಜಾತಿಯ ವಸ್ತುಗಳು ನಿಂಬೆಯಲ್ಲೂ ಇವೆ. ನಿಂಬೆರಸ ಹಚ್ಚಿದ ಮೈಯನ್ನು ಬಿಸಿಲಿಗೊಡ್ಡಿದರೆ ಬೊಬ್ಬೆ ಏಳಬಹುದು. ಕೊಬ್ಬರಿ ಎಣ್ಣೆ ಅಂತಹ ಕೇಡು ಮಾಡದು, ಮೈಯನ್ನು ಮೆತ್ತಗಿಡುತ್ತದೆ. ಆದರೆ ಬಿಸಿಲನ್ನು ತಡೆಯುವ ಶಕ್ತಿ ಅದಕ್ಕೆ ತೀರ ಕಡಿಮೆ. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ನಂಬಿಕೆ ನಮ್ಮ ಹಿರಿಯ ವೈದ್ಯರಿಗೇ ಇರಲಿಲ್ಲ.

ಅಂಗಡಿಯ ಮುಲಾಮುಗಳ ಕಥೆಗೆ ಸುಮಾರು ನೂರು ವರ್ಷವಷ್ಟೆ. 1930ರ ದಶಕದಲ್ಲಿ ಫ್ರಾನ್ಸಿನ ಷುಲ್ಲೆರ್ ಬಿಸಿಲೆಣ್ಣೆ ತಯಾರಿಸಿದರು; 1946ರಲ್ಲಿ ಆಸ್ಟ್ರಿಯದ ಗ್ರೈಟರ್ ಹಿಮಪರ್ವತ ಏರುವವರಿಗಾಗಿ ಕ್ರೀಮು ಹೊರತಂದರು. ಟ್ಯೂಬಿನ ಮೇಲಿನ 'ಎಸ್‌ಪಿಎಫ್' ಅಂಕಿ ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಲೆಕ್ಕ ಹೀಗೆ: ಚರ್ಮ ಸುಡುವ ಕಿರಣಗಳಲ್ಲಿ 15 ಎಂಬುದು ನೂರಕ್ಕೆ ಸುಮಾರು 93ನ್ನು, 30 ಎಂಬುದು 97ನ್ನು, 50 ಎಂಬುದು 98ನ್ನು ತಡೆಯುತ್ತದೆ. ಮೂವತ್ತರ ಮೇಲೆ ಹೆಚ್ಚು ಹಣ ತೆತ್ತರೆ ಸಿಗುವ ಲಾಭ ಅಲ್ಪ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅಲ್ಲಿನ 16 ಸನ್‌ಸ್ಕ್ರೀನ್ ವಸ್ತುಗಳನ್ನು ಪರಿಶೀಲಿಸಿ, ಸುರಕ್ಷಿತವೆನ್ನಲು ಸಾಕಷ್ಟು ಆಧಾರವಿರುವುದು ಜಿಂಕ್ ಆಕ್ಸೈಡ್ ಮತ್ತು ಟೈಟೇನಿಯಂ ಡಯಾಕ್ಸೈಡ್ ಎರಡಕ್ಕೆ ಮಾತ್ರ ಎಂದು ಅಭಿಪ್ರಾಯಪಟ್ಟಿತು. ಜಿಂಕ್ ಎಂದರೆ ನಮ್ಮ ಸತುವು. 1738ರಲ್ಲಿ ಬ್ರಿಸ್ಟಲ್‌ನ ಚಾಂಪಿಯನ್ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅದಕ್ಕೆ ಶತಮಾನಗಳ ಮೊದಲೇ ರಾಜಸ್ಥಾನದ ಜಾವರ್‌ನಲ್ಲಿ ಮಣ್ಣಿನ ಮೂಸೆಗಳಲ್ಲಿ ಅದನ್ನು ಬಟ್ಟಿ ಇಳಿಸುತ್ತಿದ್ದರು.

ಇಷ್ಟರಿಂದ ತಾಯಿತಂದೆಯರು ತೆಗೆದುಕೊಳ್ಳಬೇಕಾದದ್ದು ಇಷ್ಟು. ಮೊದಲು ನೆರಳು, ಆಮೇಲೆ ಬಟ್ಟೆ, ಕೊನೆಗೆ ಮುಲಾಮು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ; ಮೇ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಮಗುವಿನ ನೆರಳು ಮಗುವಿಗಿಂತ ಗಿಡ್ಡವಾಗಿದೆಯೇ? ಹಾಗಾದರೆ ಆಟ ನೆರಳಿನಲ್ಲಿ ನಡೆಯಲಿ. ಬೆಳಗಿನ, ಸಂಜೆಯ ಎಳೆಬಿಸಿಲಿನಲ್ಲಿ ಧಾರಾಳವಾಗಿ ಓಡಾಡಲಿ. ತುಂಬುತೋಳಿನ ಹತ್ತಿಯ ಅಂಗಿ, ಅಂಚು ಅಗಲವಾದ ಟೋಪಿ ಇರಲಿ. ಬಟ್ಟೆ ಮುಚ್ಚದ ಮುಖ, ಕೈಗಳಿಗೆ ಜಿಂಕ್ ಆಕ್ಸೈಡ್ ಇರುವ, ಸುವಾಸನೆಯಿಲ್ಲದ, 30ರ ಕ್ರೀಮು ಸಾಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸ್ಪ್ರೇ ಬೇಡ, ಮಗು ಉಸಿರಿನೊಡನೆ ಒಳಗೆಳೆದುಕೊಳ್ಳುತ್ತದೆ. ಮೊದಲ ದಿನ ಕೈಯ ಒಳಭಾಗದಲ್ಲಿ ಚೂರು ಹಚ್ಚಿ ನೋಡಿ. ಆರು ತಿಂಗಳೊಳಗಿನ ಕೂಸಿಗೆ ಏನೂ ಹಚ್ಚದೆ ನೆರಳಿನಲ್ಲಿಡುವುದೇ ಸರಿ.

ಒಂದು ಮಾತು ಉಳಿಯಿತು. 'ಹುಡುಗಿ ಕಪ್ಪಾದಾಳು' ಎಂಬ ಚಿಂತೆಯಿಂದಲೇ ಅನೇಕರು ಟ್ಯೂಬು ಕೊಳ್ಳುತ್ತಾರೆ. ಚರ್ಮದ ಕಪ್ಪು ಬಣ್ಣ ರೋಗವಲ್ಲ. ಅದು ಪ್ರಕೃತಿಯೇ ನಮಗೆ ತೊಡಿಸಿದ ತೆಳುವಾದ ಕುಂಚಿಗೆ. ಕಾಪಾಡಬೇಕಾದದ್ದು ಮಗುವಿನ ಚರ್ಮವನ್ನು, ಅದರ ಬಣ್ಣವನ್ನಲ್ಲ.